ಕಚ್ಚಿ ಕುಡಿಯುವವರ ಲೋಟ

2017ರ ವಸಂತದಲ್ಲಿ ನಾನು ನ್ಯೂಜೆರ್ಸಿಯ ವುಡ್‌ಬ್ರಿಡ್ಜ್ ಹತ್ತಿರದ ಒಂದು ಸಮುದಾಯ ಪಾಟರಿ ಸ್ಟುಡಿಯೋದಲ್ಲಿ ಸ್ಟುಡಿಯೋ ಅಸಿಸ್ಟೆಂಟ್ ಆಗಿದ್ದೆ. ಹುದ್ದೆಯ ಹೆಸರು ಕೇಳಲು ಚೆನ್ನಾಗಿದೆ. ಕೆಲಸ ಮಾತ್ರ ಮಣ್ಣಿನ ಚೀಲ ಹೊರುವುದು, ಒಣಗಿದ ಮಣ್ಣನ್ನು ನೆನೆಹಾಕಿ ಮತ್ತೆ ಹದಕ್ಕೆ ತರುವುದು, ಗ್ಲೇಜ್ ಬಕೆಟ್ಟುಗಳನ್ನು ಕಲಕುವುದು, ಕಿಲ್ನ್ ತುಂಬುವುದು, ಇಳಿಸುವುದು, ಸಂಜೆ ನೆಲ ಒರೆಸುವುದು. ಗ್ಲೇಜ್ ಎಂದರೆ ಪಾತ್ರೆಯ ಮೈಮೇಲೆ ಗಾಜಿನಂತೆ ಕರಗಿ ಕೂರುವ ಲೇಪ. ಕಿಲ್ನ್ ಎಂದರೆ ನಮ್ಮ ಕುಂಬಾರರ ಆವಿಗೆಯೇ. ಇಲ್ಲಿ ಅದು ಗ್ಯಾಸಿನಲ್ಲಿ ಉರಿಯುವ, ಆಳೆತ್ತರದ ಇಟ್ಟಿಗೆ ಗೂಡು, ಒಳಗೆ ಶಾಖ ಸುಮಾರು ಸಾವಿರದ ಇನ್ನೂರ ಎಂಬತ್ತು ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಇಷ್ಟೆಲ್ಲ ದುಡಿದಿದ್ದಕ್ಕೆ ಸಣ್ಣದೊಂದು ಸಂಬಳ, ಜೊತೆಗೆ ವೀಲ್, ಅಂದರೆ ಕುಂಬಾರನ ಚಕ್ರ, ಖಾಲಿ ಇದ್ದಾಗ ಕೂತು ನನ್ನ ಸ್ವಂತ ಕೆಲಸ ಮಾಡಿಕೊಳ್ಳುವ ಸ್ವಾತಂತ್ರ್ಯ.

ನಾನು ಮೈಸೂರಿನವನು. ಅಲ್ಲೇ ಲಲಿತಕಲೆ ಓದಿ ಸೆರಾಮಿಕ್ಸ್ ಮಾಡಿದವನು. ಹೆಂಡತಿ ಸ್ಮಿತಾಳಿಗೆ ಮಾನ್ಮತ್ ಜಂಕ್ಷನ್ ಹತ್ತಿರ ಫಾರ್ಮಾ ಕಂಪನಿಯಲ್ಲಿ ಕೆಲಸ ಸಿಕ್ಕಿತು; ಅವಳ ವೀಸಾಕ್ಕೆ ಅಂಟಿಕೊಂಡು ನಾನು ಬಂದೆ. ವರ್ಕ್ ಪರ್ಮಿಟ್ ಕೈಗೆ ಬರುವ ತನಕ ಮನೆಯಲ್ಲಿ ಅಡುಗೆ, ಬಟ್ಟೆ, ಹಿಮ ಗೋರುವುದು ಇಷ್ಟೇ. ಇಲ್ಲಿನ ಕನ್ನಡದವರ ಮನೆಗೆ ಊಟಕ್ಕೆ ಹೋದರೆ ಗಂಡಸರು ಒಂದು ಸುತ್ತು ಎಲ್ಲರ ಕಂಪನಿಯ ಹೆಸರು ಕೇಳಿ ನನ್ನ ಹತ್ತಿರ ಬಂದು ನಿಲ್ಲುತ್ತಿದ್ದರು. "ಪಾಟರಿ" ಎಂದರೆ "ಓಹ್, ಹಾಬಿ! ಮತ್ತೆ ಕೆಲಸ?" ಎನ್ನುವರು. ಐಸ್‌ಲಿನ್‌ನ ಪ್ರಭಾಕರ್ ಅಂಕಲ್ ಸ್ಮಿತಾಳ ತಂದೆಗೆ ಹಳೆಯ ಸ್ನೇಹಿತರು, ಒಳ್ಳೆಯ ಮನುಷ್ಯ. ಅವರಂತೂ ಸಿಕ್ಕಾಗಲೆಲ್ಲ ನನ್ನ ಹೆಗಲ ಮೇಲೆ ಕೈ ಹಾಕಿ ಒಂದೇ ಮಂತ್ರ ಹೇಳುತ್ತಿದ್ದರು: "ಸಾಫ್ಟ್‌ವೇರ್ ಕ್ಯೂಎ ಟೆಸ್ಟಿಂಗ್ ಕೋರ್ಸ್ ಮಾಡ್ಕೊಳಪ್ಪ. ಕೆಲವೇ ತಿಂಗಳು. ಆಮೇಲೆ ನಾನಿದ್ದೀನಿ."

ಆ ವರ್ಷ ಆ ಮಂತ್ರ ಶಾಪವಾಗುವ ಹಂತಕ್ಕೆ ಬಂದಿತ್ತು. ಮನೆ ಕೊಳ್ಳುವ ಮಾತು ಶುರುವಾಗಿತ್ತು. ಒಬ್ಬರ ಸಂಬಳದಲ್ಲಿ ಅದು ಆಗದ ಮಾತು ಎಂದು ನನಗೂ ಗೊತ್ತಿತ್ತು. ಸ್ಮಿತಾ ಜಗಳವಾಡುವವಳಲ್ಲ. ಒಂದು ಬೆಳಿಗ್ಗೆ ಕಾರಿನ ಕೀ ಕೊಡುತ್ತ ಹೇಳಿದಳು: "ಈ ಸಲ ಆ ರೆಸಿಡೆನ್ಸಿ ಸಿಕ್ಕರೆ ನೀನು ಪಾಟರ್. ಮಣ್ಣಿನಲ್ಲಿ ಪೂರ್ತಿ ಕೆಲಸ ಅಂತ ಏನೂ ಸಿಗದೆ ಹೋದರೆ ಅಂಕಲ್ ಹೇಳಿದ ಕೋರ್ಸ್. ಸರೀನಾ?" ಸರಿ ಎಂದೆ. ಇನ್ನೇನು ಹೇಳಲಿ?

ರೆಸಿಡೆನ್ಸಿ ಎಂದರೆ ಏನೆಂದು ಹೇಳಬೇಕು. ಸ್ಟುಡಿಯೋದಲ್ಲಿ ವರ್ಷಕ್ಕೊಬ್ಬ ಕಲಾವಿದನಿಗೆ ಸ್ವಂತದ್ದೊಂದು ಕೋಣೆ, ಕಿಟಕಿಯ ಪಕ್ಕ ವೀಲ್, ಬೇಕಾದಷ್ಟು ಮಣ್ಣು, ಕಿಲ್ನಿನಲ್ಲಿ ಜಾಗ, ತರಗತಿ ತೆಗೆದುಕೊಂಡದ್ದಕ್ಕೆ ತಿಂಗಳ ಸಂಬಳ, ವರ್ಷದ ಕೊನೆಗೆ ಪ್ರದರ್ಶನ. ನಮ್ಮಂಥವರಿಗೆ ಅದು ಸರ್ಕಾರಿ ನೌಕರಿ ಸಿಕ್ಕಿದ ಹಾಗೆ. ಆಯ್ಕೆ ಮಾಡುವವರು ಸ್ಟುಡಿಯೋ ನಡೆಸುವ ಮಾರ್ಥಾ. ಎಪ್ಪತ್ತು ದಾಟಿದ ಹೆಂಗಸು, ಗಂಡಸಿನಂಥ ದೊಡ್ಡ ಕೈಗಳು. ಅರ್ಜಿ, ಫೋಟೋ, ಕಲಾವಿದನ ಹೇಳಿಕೆ ಇವುಗಳಲ್ಲಿ ಆಕೆಗೆ ನಂಬಿಕೆ ಇರಲಿಲ್ಲ. ಆಕೆಯದು ಬೇರೆಯೇ ಪದ್ಧತಿ.

ಸ್ಟುಡಿಯೋದ ಅಡುಗೆಮೂಲೆಯಲ್ಲಿ ಕಾಫಿ ಮೆಷಿನ್ ಪಕ್ಕ ಗೋಡೆಗೆ ಉದ್ದನೆಯ ಮರದ ಹಲಗೆ ಬಡಿದಿತ್ತು. ಅದರ ತುಂಬ ಸದಸ್ಯರು ಮಾಡಿದ ಲೋಟಗಳು, ಕಪ್ಪುಗಳು. ಯಾರು ಬೇಕಾದರೂ ಯಾವುದನ್ನು ಬೇಕಾದರೂ ತೆಗೆದುಕೊಂಡು ಕಾಫಿ ಕುಡಿದು ಸಿಂಕಿಗೆ ಹಾಕಿ ಹೋಗಬಹುದು. ರೆಸಿಡೆನ್ಸಿ ಬೇಕೆನ್ನುವವರು ಏಪ್ರಿಲ್ ಮೊದಲಿಗೆ ತಲಾ ಆರು ಲೋಟ ಮಾಡಿ ಆ ಹಲಗೆಯ ಮೇಲಿಡಬೇಕು. ಯಾರ ಹೆಸರೂ ಬರೆಯುವಂತಿಲ್ಲ, ನಡುವೆ ಬದಲಾಯಿಸುವಂತಿಲ್ಲ. ಮತದಾನ ಇಲ್ಲ. ತಿಂಗಳಿಡೀ ಮಾರ್ಥಾ ಹೋಗುತ್ತ ಬರುತ್ತ ಸಿಂಕ್ ನೋಡುವರು, ಅಷ್ಟೇ. "ಹಲಗೆ ಸುಳ್ಳು ಹೇಳಬಹುದು, ಸಿಂಕ್ ಹೇಳುವುದಿಲ್ಲ" ಎನ್ನುತ್ತಿದ್ದರು.

ಸಿಂಕಿನಲ್ಲಿ ಬಿದ್ದ ಲೋಟಗಳನ್ನು ಸಂಜೆ ತೊಳೆಯುವ ಕೆಲಸ ಯಾರದು? ಸ್ಟುಡಿಯೋ ಅಸಿಸ್ಟೆಂಟಿನದು. ಅಂದರೆ ನನ್ನದು.

ಆ ವರ್ಷ ಕಣದಲ್ಲಿ ಇಬ್ಬರೇ ಉಳಿದಿದ್ದೆವು. ನಾನು ಮತ್ತು ತನ್ವಿ. ತನ್ವಿ ಪಿಸ್ಕಾಟವೇಯಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗಿ, ಆಗ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಕಾಲೇಜಿನಲ್ಲಿ ಬಯಾಲಜಿ ಓದಿ, ಮೆಡಿಕಲ್ ಸ್ಕೂಲಿಗೆ ಹೋಗುವುದಿಲ್ಲ ಎಂದು ಮನೆಯಲ್ಲಿ ರಂಪ ಮಾಡಿ ಮಣ್ಣಿಗೆ ಬಂದವಳು. ವೀಲ್ ಮುಟ್ಟಿ ಎರಡು ವರ್ಷ ತುಂಬಿರಲಿಲ್ಲ. ನಾನು ಎಂಟು ವರ್ಷ ಮಣ್ಣು ತಿಂದವನು. ಮೊದಲ ದಿನವೇ ನನ್ನ ಹತ್ತಿರ ಬಂದು "ಹಾಯ್ ಅಂಕಲ್, ನೀವು ಕನ್ನಡಾನಾ? ಸೋ ಕೂಲ್!" ಎಂದಳು. ನನಗಾಗ ಮೂವತ್ತೊಂದು. ತಲೆಯಲ್ಲಿ ಒಂದು ಬಿಳಿ ಕೂದಲಿರಲಿಲ್ಲ. ಆ ಅಂಕಲ್ ಎಂಬ ಶಬ್ದ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಅವಳನ್ನು ಇಷ್ಟಪಡದಿರಲು ನನಗೆ ಅಷ್ಟೇ ಸಾಕಾಗಿತ್ತು, ಆದರೆ ಆಮೇಲೆ ಬೇಕಾದಷ್ಟು ಕಾರಣಗಳು ಸಿಕ್ಕಿದವು.

ಅವಳ ಕೆಲಸ ತಾಂತ್ರಿಕವಾಗಿ ಕಚ್ಚಾ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಹೊಟ್ಟೆಕಿಚ್ಚಿತ್ತು, ನಿಜ, ಆದರೆ ಮಾತೂ ನಿಜ. ವೀಲ್ ಮೇಲೆ ಮಣ್ಣಿನ ಮುದ್ದೆಯನ್ನು ನಡುಮಧ್ಯಕ್ಕೆ ತಂದು ನಿಲ್ಲಿಸಲು ಅವಳಿಗೆ ಹೆಣಗಾಟ. ಗೋಡೆ ಎತ್ತರಕ್ಕೆ ಎಳೆದರೆ ಕುಸಿಯುತ್ತಿತ್ತು. ಅದಕ್ಕೇ ಗಿಡ್ಡಗೆ, ದುಂಡಗೆ, ಹೊಟ್ಟೆ ಬಂದ ಕಪ್ಪುಗಳನ್ನೇ ಮಾಡುತ್ತಿದ್ದಳು. ಹಿಡಿ ಒಂದೊಂದರಲ್ಲಿ ಒಂದೊಂದು ಥರ. ಗ್ಲೇಜ್ ಮಜ್ಜಿಗೆ ಬಣ್ಣದ್ದು, ಅಲ್ಲಲ್ಲಿ ಕಂದು ಚುಕ್ಕೆ. ನನ್ನವು? ತೆಳ್ಳಗೆ, ನೆಟ್ಟಗೆ, ಎತ್ತರಕ್ಕೆ ಎದ್ದು ನಿಂತ ಲೋಟಗಳು, ತುದಿಯಲ್ಲಿ ಅಂಚು ಹೂವಿನಂತೆ ಹೊರಕ್ಕೆ ಬಾಗಿದ್ದು. ಕಬ್ಬಿಣದಂಶದ ಕಪ್ಪು ಗ್ಲೇಜ್, ಅಂಚಿನಲ್ಲಿ ತುಕ್ಕಿನ ಕೆಂಪು. ನೋಡಿದವರೆಲ್ಲ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು "ಬ್ಯೂಟಿಫುಲ್" ಎನ್ನುತ್ತಿದ್ದರು. ಎಂದು ಮತ್ತೆ ಹಲಗೆಯ ಮೇಲಿಡುತ್ತಿದ್ದರು.

ಮೊದಲ ವಾರ ಸಂಜೆ ಸಂಜೆ ಸಿಂಕಿನ ಮುಂದೆ ನಿಂತಾಗ ಕಂಡದ್ದು ಒಂದೇ ದೃಶ್ಯ. ತನ್ವಿಯ ಆರೂ ಕಪ್ಪು ಕಾಫಿಯ ಕಲೆ ಹಿಡಿದು ಒಂದರ ಮೇಲೊಂದು ಬಿದ್ದಿವೆ. ನನ್ನ ಆರೂ ಹಲಗೆಯ ಮೇಲೆ ಮದುವೆಗೆ ಕರೆಯದೆ ಬಂದ ನೆಂಟರ ಹಾಗೆ ನಿಂತಿವೆ. ಅವಳ ಕಪ್ಪು ಉಜ್ಜಿ ತೊಳೆದು, ಒರೆಸಿ, ಮತ್ತೆ ಹಲಗೆಯ ಮೇಲೆ ಜೋಡಿಸುವುದು ನನ್ನ ಪಾಲಿನ ಕೆಲಸ. ಎರಡನೇ ವಾರದ ಹೊತ್ತಿಗೆ ನನ್ನ ಲೋಟಗಳನ್ನೂ ಒರೆಸಬೇಕಾಯಿತು. ಮಣ್ಣಿನ ಸ್ಟುಡಿಯೋ ಅಲ್ಲವೇ, ಬಳಸದೆ ಬಿಟ್ಟರೆ ಧೂಳು ಕೂರುತ್ತದೆ. ನನ್ನವನ್ನು ಮುಂದಿನ ಸಾಲಿಗೆ ತಂದು ಅವಳದ್ದನ್ನು ಹಿಂದಕ್ಕೆ ತಳ್ಳಿಯೂ ನೋಡಿದೆ. ಜೋ ಎಂಬ ಸದಸ್ಯನಿದ್ದ, ಅಗ್ನಿಶಾಮಕ ದಳದಿಂದ ನಿವೃತ್ತನಾದವನು, ಕೈ ಮರದ ಕೊಂಬೆಯಷ್ಟು ಉದ್ದ. ಅವನು ನನ್ನ ಲೋಟಗಳ ನೆತ್ತಿಯ ಮೇಲಿಂದ ಕೈ ಚಾಚಿ ಹಿಂದಿನ ಸಾಲಿನ ತನ್ವಿಯ ಕಪ್ಪು ತೆಗೆದುಕೊಂಡ. ಅದೂ ನನ್ನ ಕಣ್ಣೆದುರಿಗೇ, ನನಗೆ ಗುಡ್ ಮಾರ್ನಿಂಗ್ ಹೇಳುತ್ತಲೇ.

ಹೊಟ್ಟೆ ಉರಿಯಿತು. ಇದಕ್ಕಿಂತ ಸಭ್ಯವಾದ ಮಾತು ನನ್ನಲ್ಲಿಲ್ಲ. ಅಮೆರಿಕದವರಿಗೆ ಅಂದ ಗೊತ್ತಿಲ್ಲ ಎಂದುಕೊಂಡೆ. ಇಲ್ಲಿ ಹುಟ್ಟಿದವಳು, ಇಲ್ಲಿನವರ ಹಾಗೆ ಮಾಡುತ್ತಾಳೆ, ಅದಕ್ಕೇ ಹಿಡಿಸುತ್ತದೆ ಎಂದುಕೊಂಡೆ. ಚಿಕ್ಕ ಹುಡುಗಿ, ನಗುನಗುತ್ತ ಎಲ್ಲರ ಹತ್ತಿರ ಮಾತಾಡುತ್ತಾಳೆ ಎಂದುಕೊಂಡೆ. ಕಪ್ಪಿನ ಮೇಲೆ ಹೆಸರೇ ಇಲ್ಲ, ಆದರೂ ಅಂದುಕೊಂಡೆ. ಅವಳ ಕಪ್ಪು ತೊಳೆಯುವಾಗ ಕೈಜಾರಿ ಬಿದ್ದರೆ ಎಂಬ ಯೋಚನೆ ಬಂದದ್ದೂ ಉಂಟು. ಕೈ ಜಾರಲಿಲ್ಲ. ಎಂಟು ವರ್ಷದ ಅಭ್ಯಾಸ, ಮಣ್ಣಿನ ಪಾತ್ರೆ ಹಿಡಿದ ಕೈ ತಾನಾಗಿ ಬಿಗಿಯಾಗುತ್ತದೆ.

ಇದೆಲ್ಲದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮನೆಯಲ್ಲಿ. ಒಂದು ಭಾನುವಾರ ಬೆಳಿಗ್ಗೆ ಸ್ಮಿತಾ ಕಿಟಕಿಯ ಪಕ್ಕ ಕೂತು ಫೋನ್ ನೋಡುತ್ತ ಕಾಫಿ ಕುಡಿಯುತ್ತಿದ್ದಳು. ಮಜ್ಜಿಗೆ ಬಣ್ಣ. ಕಂದು ಚುಕ್ಕೆ. ಹೊಟ್ಟೆ ಬಂದ ಕಪ್ಪು. ಆವರೆಗೆ ಅದನ್ನು ದಿನಾ ನೋಡಿದ್ದೆ, ಅಂಗಡಿಯದ್ದು ಎಂದುಕೊಂಡಿದ್ದೆ.

"ಇದು ಎಲ್ಲಿಂದ ಬಂತು?"

"ನಿಮ್ಮ ಸ್ಟುಡಿಯೋ ಹಾಲಿಡೇ ಸೇಲ್‌ನಲ್ಲಿ ತಗೊಂಡಿದ್ದು. ಯಾಕೆ?"

"ಯಾರದ್ದು ಗೊತ್ತಾ?"

"ಗೊತ್ತಿಲ್ಲ. ಚೆನ್ನಾಗಿತ್ತು, ತಗೊಂಡೆ."

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಗಾದೆಯಾಗಿ ಕೇಳಲು ಚೆನ್ನ. ಮನೆಯ ಕಪಾಟಿನ ತುಂಬ ಗಂಡ ಮಾಡಿದ ಲೋಟಗಳಿರುವಾಗ ಹೆಂಡತಿ ದುಡ್ಡು ಕೊಟ್ಟು ಅವನ ಎದುರಾಳಿಯ ಕಪ್ಪು ತಂದು ಬೆಳಗಾಗೆದ್ದು ಅದರ ಮುಖ ನೋಡುತ್ತಾಳೆ ಎಂದರೆ ಅದು ಗಾದೆಯಲ್ಲ, ಗಾಯ. ನಾನು ಕೂಗಾಡಿದೆ. ಪರಸ್ತ್ರೀಯ ಸಂಗ ಮಾಡಿದ ಗಂಡನ ಮೇಲೆ ಹೆಂಡತಿ ಕೂಗಾಡುತ್ತಾಳಲ್ಲ, ಸುಮಾರು ಅದೇ ಧಾಟಿಯಲ್ಲಿ. ಸ್ಮಿತಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕಪಾಟಿನಿಂದ ನನ್ನ ಲೋಟವೊಂದನ್ನು ತೆಗೆದು, ಕಾಫಿ ಬಗ್ಗಿಸಿ, ನನ್ನ ಕೈಗೆ ಕೊಟ್ಟಳು.

"ಕುಡಿ."

ತಲೆ ಹಿಂದಕ್ಕೆ ಬಾಗಿಸಿ, ಲೋಟ ಎತ್ತಿ, ಕುಡಿದೆ. ಧಾರೆ ಸಣ್ಣಗೆ, ಸೊಗಸಾಗಿ ಇಳಿಯಿತು.

"ಹಾಗಲ್ಲ. ಕಚ್ಚಿ ಕುಡಿ."

ಇಲ್ಲಿ ನಮ್ಮ ಮನೆಯ ವಿಷಯ ಹೇಳಬೇಕು. ಮೈಸೂರಿನ ನಮ್ಮ ಮನೆಯಲ್ಲಿ ಲೋಟಕ್ಕೆ ತುಟಿ ತಾಗಿಸುವಂತಿರಲಿಲ್ಲ. ತಾಗಿದರೆ ಎಂಜಲು. ನೀರಾಗಲಿ, ಮಜ್ಜಿಗೆಯಾಗಲಿ, ಆರಿಸಿದ ಕಾಫಿಯಾಗಲಿ ಎತ್ತಿ ಬಾಯಿಗೆ ಹುಯ್ದುಕೊಳ್ಳಬೇಕು. ಮರೆತು ಕಚ್ಚಿದರೆ ಅಮ್ಮ ಅಡುಗೆಮನೆಯಿಂದಲೇ "ಏನೋ ಅದು, ಕರು ಹಾಗೆ ಲೋಟ ಕಚ್ಕೊಂಡು!" ಎಂದು ಗದರುವಳು. ಅಮೆರಿಕಕ್ಕೆ ಬಂದರೂ ಆ ಅಭ್ಯಾಸ ಬಿಡಲಿಲ್ಲ. ಸ್ಟುಡಿಯೋಗೂ ಮನೆಯ ಫಿಲ್ಟರ್ ಕಾಫಿಯನ್ನೇ ಫ್ಲಾಸ್ಕಿನಲ್ಲಿ ಒಯ್ದು ಅದರ ಮುಚ್ಚಳದಲ್ಲಿ ಎತ್ತಿಯೇ ಕುಡಿಯುತ್ತಿದ್ದೆ. ಸ್ಮಿತಾಳ ಮನೆಯಲ್ಲಿ ಈ ಕಟ್ಟುಪಾಡಿಲ್ಲ. ಅವಳು ಮೊದಲಿನಿಂದ ಕಚ್ಚಿ ಕುಡಿಯುವವಳು.

ಕಚ್ಚಿ ಕುಡಿದೆ. ಅಂಚು ಹೊರಕ್ಕೆ ಬಾಗಿತ್ತಲ್ಲ, ಅದು ಕೆಳತುಟಿಯನ್ನು ಕೆಳಕ್ಕೆ ಒತ್ತಿತು. ಕಾಫಿ ಬಾಯಿಗೆ ಹೋದದ್ದು ಅರ್ಧ. ಉಳಿದದ್ದು ಬಾಯಿಯ ಎರಡೂ ಮೂಲೆಯಿಂದ ಗಲ್ಲಕ್ಕಿಳಿದು ಬನಿಯನ್ನಿನ ಮೇಲೆ ಸುರಿಯಿತು. ಹಿಡಿಯಿಲ್ಲದ ಲೋಟ, ಬೆರಳು ಚುರ್ರೆಂದಿತು.

"ಎರಡು ವರ್ಷ ಪ್ರಯತ್ನ ಪಟ್ಟಿದೀನಿ ಕಣೋ," ಎಂದಳು ಸ್ಮಿತಾ. "ಆಫೀಸಿಗೆ ಹೊರಡೋ ಹೊತ್ತಲ್ಲಿ ದಿನಾ ಬಟ್ಟೆ ಬದಲಾಯಿಸಕ್ಕಾಗಲ್ಲ."

"ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ಕೇಳ್ತಿದ್ದೆಯಾ?"

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನನ್ನ ಎಂಟು ವರ್ಷದ ಹೆಮ್ಮೆಗೆ ನಿಮಿಷವೂ ಬೇಕಾಗಲಿಲ್ಲ. ನಾನು ಮಾಡಿದ ಪ್ರತಿ ಲೋಟವನ್ನೂ ಪರೀಕ್ಷೆ ಮಾಡಿಯೇ ಮಾರಿದ್ದೇನೆ ಎಂಬ ಜಂಬ ನನಗಿತ್ತು. ನೀರು ತುಂಬಿ, ಎತ್ತಿ ಕುಡಿದು, ಧಾರೆ ಸರಿಯಾಗಿ ಬೀಳುತ್ತದೆಯೇ ಎಂದು ನೋಡುತ್ತಿದ್ದೆ. ಹೊರಬಾಗಿದ ಅಂಚು ಹುಟ್ಟಿದ್ದೇ ಆ ಧಾರೆಗಾಗಿ, ನಮ್ಮ ಮನೆಯ ಸ್ಟೀಲ್ ಲೋಟದ ಅಂಚಿನ ಹಾಗೆ. ಒಮ್ಮೆಯೂ ನನ್ನ ಲೋಟಕ್ಕೆ ನಾನೇ ತುಟಿ ಇಟ್ಟಿರಲಿಲ್ಲ. ಸೇಲ್‌ಗಳಲ್ಲಿ ಅವನ್ನು ಕೊಂಡವರು ಪೆನ್ನು ಇಡಲು ಒಯ್ಯುತ್ತೇವೆ ಎಂದಾಗ ನನಗೆ ಏನೂ ಹೊಳೆದಿರಲಿಲ್ಲ. ಪೆನ್ನಿಗೆ ಅಂಚು ಹೇಗಿದ್ದರೇನು?

ಏಪ್ರಿಲ್ ಅರ್ಧ ಕಳೆದಿತ್ತು. ಹೊಸದಾಗಿ ಮಾಡೋಣವೆಂದರೆ ನಿಯಮ ಬಿಡುವುದಿಲ್ಲ. ನಿಯಮ ಬಿಟ್ಟರೂ ಮಣ್ಣು ಬಿಡುವುದಿಲ್ಲ. ವೀಲ್ ಮೇಲೆ ಎಳೆದ ಲೋಟ ಅರೆ ಒಣಗಬೇಕು, ತಳ ಕೆತ್ತಬೇಕು, ಪೂರ್ತಿ ಒಣಗಬೇಕು, ಒಂದು ಸಲ ಹದವಾಗಿ ಸುಡಬೇಕು, ಗ್ಲೇಜ್ ಹಚ್ಚಿ ಮತ್ತೊಮ್ಮೆ ಸುಡಬೇಕು, ಕಿಲ್ನ್ ತಣ್ಣಗಾಗುವ ತನಕ ಕಾಯಬೇಕು. ಅವಸರ ಮಾಡಿದರೆ ಒಳಗಿನ ತೇವ ಆವಿಯಾಗಿ ಪಾತ್ರೆ ಸಿಡಿಯುತ್ತದೆ. ಮೂರು ವಾರಕ್ಕೆ ಕಡಿಮೆ ಆಗುವ ಕೆಲಸವಲ್ಲ.

ಲೋಟ ಬದಲಾಯಿಸಲು ಆಗದಿದ್ದರೆ ಜನರನ್ನು ಬದಲಾಯಿಸೋಣ ಎಂದುಕೊಂಡೆ. ಈಗ ನೆನೆದರೆ ನಗು ಬರುತ್ತದೆ. ಆಗ ಅದು ಘನವಾದ ಯೋಜನೆಯಾಗಿ ಕಂಡಿತ್ತು. ಶನಿವಾರ ಸ್ಟುಡಿಯೋ ತುಂಬ ಜನ. ಕಾಫಿ ಹೊತ್ತಿಗೆ ಎಲ್ಲರನ್ನೂ ಅಡುಗೆಮೂಲೆಗೆ ಕರೆದು, ಇದು ನಮ್ಮ ಕಡೆಯ ಲೋಟ, ಇದನ್ನು ಕುಡಿಯುವ ಕ್ರಮವೇ ಬೇರೆ ಎಂದು ಪುಟ್ಟ ಭಾಷಣ ಮಾಡಿ, ಒಂದು ಗೇಣು ಎತ್ತರದಿಂದ ಕಾಫಿ ಬಾಯಿಗೆ ಹುಯ್ದುಕೊಂಡು ತೋರಿಸಿದೆ. ಒಂದು ಹನಿ ಚೆಲ್ಲಲಿಲ್ಲ. ಚಪ್ಪಾಳೆ ಬಿತ್ತು. ಜೋ ಉತ್ಸಾಹದಿಂದ ಮುಂದೆ ಬಂದು ಲೋಟ ಎತ್ತಿದ. ಕಾಫಿ ಮೂಗಿಗೆ ಹೋಯಿತು, ಅಂಗಿ ಒದ್ದೆಯಾಯಿತು. ಪುಣ್ಯಕ್ಕೆ ಕಾಫಿ ಆರಿತ್ತು. ಮೂವತ್ತು ವರ್ಷ ಬೆಂಕಿ ಆರಿಸಿದ ಮನುಷ್ಯ ಕೆಮ್ಮುತ್ತ ಕಣ್ಣೀರು ಒರೆಸಿಕೊಂಡು "ಇದು ಅಪಾಯಕಾರಿ" ಎಂದ.

ತನ್ವಿ ನಗುತ್ತ ಬಂದು ನನ್ನ ಇನ್ನೊಂದು ಲೋಟದಲ್ಲಿ ನೀರು ಹಿಡಿದು, ಎತ್ತಿ, ಗಟಗಟನೆ ಕುಡಿದಳು. ಒಂದು ಹನಿ ಚೆಲ್ಲಲಿಲ್ಲ. "ಅಜ್ಜಿ ಬಂದಾಗ ಮನೇಲಿ ಹೀಗೇ ಕುಡೀಬೇಕು ಅಂಕಲ್, ಶೀ ಟ್ರೈನ್ಡ್ ಮಿ. ಬಟ್ ಹಾಟ್ ಕಾಫಿ? ನೋ ವೇ." ಎಲ್ಲರೂ ಅವಳಿಗೂ ಚಪ್ಪಾಳೆ ತಟ್ಟಿದರು. ನನ್ನ ಏಕೈಕ ವಿದ್ಯೆಯೂ ಅವಳಿಗೆ ಬರುತ್ತಿತ್ತು! ಆ ದಿನದ ಬಳಿಕ ನನ್ನ ಲೋಟಗಳನ್ನು ಕೈಗೆತ್ತಿಕೊಂಡು ಬ್ಯೂಟಿಫುಲ್ ಎನ್ನುವವರೂ ಇಲ್ಲವಾದರು. ಸ್ವಲ್ಪ ದೂರ ನಿಂತೇ ನೋಡುತ್ತಿದ್ದರು.

ಉಳಿದ ದಿನಗಳಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಸಂಜೆ ಅವಳ ಕಪ್ಪುಗಳನ್ನು ತೊಳೆದ ಮೇಲೆ ಒಂದಕ್ಕೆ ಬಿಸಿನೀರು ತುಂಬಿ, ಕಚ್ಚಿ ಕುಡಿಯುತ್ತಿದ್ದೆ. ಪ್ರೀತಿಯಿಂದಲ್ಲ, ವೈರಿಯ ಮನೆಯ ಬೇಲಿಯಲ್ಲಿ ಎಲ್ಲಿ ಕಂಡಿ ಇದೆ ಎಂದು ಹುಡುಕುವವನ ಹಾಗೆ. ಕಂಡಿ ಬೇಕಾದಷ್ಟಿತ್ತು. ತಳ ಅತಿ ದಪ್ಪ, ಗೋಡೆ ಒಂದು ಕಡೆ ತೆಳು ಒಂದು ಕಡೆ ದಪ್ಪ. ಆದರೆ ಅಂಚು ಎಷ್ಟು ಬೇಕೋ ಅಷ್ಟೇ ಒಳಕ್ಕೆ ಬಾಗಿ, ತುದಿ ದುಂಡಗಾಗಿ, ತುಟಿಗೆ ಇಟ್ಟದ್ದೇ ಗೊತ್ತಾಗದ ಹಾಗಿತ್ತು. ಹಿಡಿಯೊಳಗೆ ನನ್ನ ಎರಡು ಬೆರಳು ಹೋದವು, ಮೂರನೆಯದು ಕೆಳಗಿನಿಂದ ಆನಿಸಿಕೊಂಡಿತು. ಆರು ಹಿಡಿ ಆರು ಥರ ಯಾಕಿವೆ ಎಂದು ಆಗ ತಿಳಿಯಿತು. ಜೋನ ದಪ್ಪ ಬೆರಳಿಗೆ ಒಂದು, ಮಾರ್ಥಾರ ಸಂಧಿವಾತದ ಕೈಗೆ ಒಂದು. ಅವಳು ಹತ್ತಿರ ಹತ್ತಿರ ಎರಡು ವರ್ಷ ಆ ಜನರ ಕೈ, ಬಾಯಿ ನೋಡುತ್ತ ಕೂತಿದ್ದಳು. ನಾನು ನನ್ನ ಲೋಟ ನೋಡುತ್ತ ಕೂತಿದ್ದೆ. ಈ ಜ್ಞಾನೋದಯದಿಂದ ನನ್ನ ಹೊಟ್ಟೆಯುರಿ ತಣಿಯಿತೆಂದು ಯಾರಾದರೂ ತಿಳಿದರೆ ತಪ್ಪು. ಅಲ್ಲಿಯವರೆಗೆ ಅವಳದು ಅದೃಷ್ಟ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಈಗ ಆ ಸಮಾಧಾನವೂ ಹೋಯಿತು.

ತಿಂಗಳ ಕೊನೆಯ ದಿನ ಮಾರ್ಥಾ ನಮ್ಮಿಬ್ಬರನ್ನೂ ಕಿಲ್ನ್ ಕೋಣೆಗೆ ಕರೆದರು. ಸುತ್ತುಬಳಸು ಮಾತು ಆಕೆಗೆ ಗೊತ್ತಿಲ್ಲ. "ತನ್ವಿ, ಕೋಣೆಯ ಬೀಗದ ಕೈ ಇಗೋ." ಆಮೇಲೆ ನನ್ನತ್ತ ತಿರುಗಿ ಹೇಳಿದರು: "ಶ್ರೀ, ಈ ಕಟ್ಟಡದಲ್ಲಿ ನಿನ್ನಷ್ಟು ಚೆನ್ನಾಗಿ ಮಣ್ಣು ಎಳೆಯುವವರು ಯಾರೂ ಇಲ್ಲ, ನಾನೂ ಸೇರಿ. ಆದರೆ ನಿನ್ನ ಲೋಟ ಮುಟ್ಟಲು ಜನ ಹೆದರುತ್ತಾರೆ." ನನ್ನ ಪೂರ್ತಿ ಹೆಸರು ಶ್ರೀಕಂಠ, ಆಕೆಗೆ ಅರ್ಧವೇ ಬಾಯಿಗೆ ಬರುತ್ತಿತ್ತು. ಆಕೆಯ ಮೊದಲ ವಾಕ್ಯ ಕೇಳಿಸದಷ್ಟು ಜೋರಾಗಿ ಎರಡನೆಯದು ನನಗೆ ಕೇಳಿಸಿತು.

ಮನೆಗೆ ಹೋಗುವಾಗ ರೂಟ್ ಒನ್‌ನ ಟ್ರಾಫಿಕ್ಕಿನಲ್ಲಿ ಕಾರು ನಿಲ್ಲಿಸಿಕೊಂಡು ಕೂತಿದ್ದಾಗ ಪ್ರಭಾಕರ್ ಅಂಕಲ್ ಫೋನ್ ಬಂತು. ಸ್ಮಿತಾ ಹೇಳಿರಬೇಕು. "ಬೇಜಾರು ಮಾಡ್ಕೋಬೇಡಪ್ಪ. ಸೋಮವಾರದಿಂದ ಹೊಸ ಬ್ಯಾಚು. ನಿನ್ನ ಹೆಸರು ಹೇಳಿದೀನಿ." ಥ್ಯಾಂಕ್ಸ್ ಅಂಕಲ್ ಎಂದೆ. ಅವರ ಧ್ವನಿಯಲ್ಲಿ ಕರುಣೆಯಿತ್ತು, ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಮರುದಿನ ನನ್ನ ಸಾಮಾನು ಕಟ್ಟಿಕೊಳ್ಳಲು ಸ್ಟುಡಿಯೋಗೆ ಹೋದೆ. ತನ್ವಿ ಹೊಸ ಕೋಣೆಗೆ ಡಬ್ಬಗಳನ್ನು ಹೊರುತ್ತಿದ್ದಳು. ನನ್ನನ್ನು ಕಂಡವಳೇ ನಿಂತಳು. ರೆಸಿಡೆಂಟ್ ಆದವರು ಒಬ್ಬ ಸಹಾಯಕನನ್ನು ಇಟ್ಟುಕೊಳ್ಳಬಹುದು, ಅವನ ಸಂಬಳ ಸ್ಟುಡಿಯೋ ಕೊಡುತ್ತದೆ, ದಿನಪೂರ್ತಿ ಕೆಲಸ. "ಅಂಕಲ್, ವುಡ್ ಯೂ ಡೂ ಇಟ್? ನಿಮ್ಮನ್ನ ಕೇಳೋಕೆ ನಂಗೆ ಸ್ವಲ್ಪ ಭಯಾನೇ."

ಮಣ್ಣು ಬಿಡದೆ ಇರಲು ಸ್ಮಿತಾ ಹಾಕಿದ ಷರತ್ತಿಗೆ ಇದು ಸರಿಹೊಂದುತ್ತಿತ್ತು. ಆದರೆ ನನಗೆ ಬೇಕಾಗಿದ್ದ ಕೋಣೆಯಲ್ಲಿ, ಅವಳ ಕೈಕೆಳಗೆ, ಅವಳ ಮಣ್ಣು ಹದ ಮಾಡಿಕೊಂಡು, ವರ್ಷಪೂರ್ತಿ? ಕೋಡ್ ಟೆಸ್ಟ್ ಮಾಡುವುದೇ ಮೇಲು ಅನ್ನಿಸಿತು. "ನನಗೆ ಬೇರೆ ಕೆಲಸ ನಿಕ್ಕಿಯಾಗಿದೆ," ಎಂದೆ.

ಅವಳು ಡಬ್ಬ ಕೆಳಗಿಟ್ಟಳು. "ಓಕೆ. ಬಟ್ ಕ್ಯಾನ್ ಐ ಬಿ ಆನೆಸ್ಟ್? ಬನ್ನಿ, ಏನೋ ತೋರಿಸ್ತೀನಿ." ಗೋಡೆಯ ಮೂಲೆಯಲ್ಲಿ ದೊಡ್ಡ ಪ್ಲಾಸ್ಟಿಕ್ ತೊಟ್ಟಿಯಿತ್ತು, ಮೇಲೆ ಒದ್ದೆ ಬಟ್ಟೆ. ಸರಿಸಿದಳು. ಒಳಗೆ ಕುಸಿದುಬಿದ್ದ ಲೋಟಗಳ ರಾಶಿ. ಎತ್ತರಕ್ಕೆ, ತೆಳ್ಳಗೆ ಎಳೆಯಲು ಹೋಗಿ ಸೊಂಟ ಮುರಿದವು, ತಿರುಚಿಕೊಂಡವು, ನಡುವೆ ಹರಿದವು. ಪ್ರತಿಯೊಂದರ ಅಂಚೂ ಹೊರಕ್ಕೆ ಬಾಗಿತ್ತು. ಎಲ್ಲವೂ ನನ್ನ ಲೋಟಗಳು, ಕೆಟ್ಟ ಕೈಯಲ್ಲಿ.

"ನೀವು ವೀಲ್ ಮೇಲೆ ಹಂಗೆ ಒಂದೇ ಸಲ ಎಳೀತೀರಲ್ಲ, ಇಷ್ಟು ಹೈಟ್... ಐ ಹೇಟ್ ಇಟ್. ಲೈಕ್, ರಿಯಲಿ ಹೇಟ್ ಇಟ್. ನೋಡಿ ಮನೆಗೆ ಹೋದ್ರೆ ಊಟ ಮಾಡಕ್ಕೂ ಆಗಲ್ಲ. ಅಮ್ಮ ಕೇಳ್ತಾರೆ, ವಾಟ್ ಹ್ಯಾಪನ್ಡ್ ಅಂತ. ಏನು ಹೇಳಲಿ? ಅಂಕಲ್ ಮೇಲೆ ಜೆಲಸ್ ಅಂತ ಹೇಳಲಾ?" ಅವಳ ಕಣ್ಣಲ್ಲಿ ನೀರಿತ್ತು. ನಾಟಕವಲ್ಲ. ಹೊಟ್ಟೆಯುರಿಯ ನೀರು ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇಲ್ಲಿ ಓದುಗರು ನನ್ನ ಮನಸ್ಸು ಕರಗಿತು ಎಂದು ನಿರೀಕ್ಷಿಸಬಹುದು. ಕರಗಲಿಲ್ಲ. ನನಗೆ ಆದದ್ದು ಶುದ್ಧವಾದ, ಕಲಬೆರಕೆಯಿಲ್ಲದ ಸಂತೋಷ. ಈ ಭೂಮಿಯ ಮೇಲೆ ನನ್ನನ್ನು ನೋಡಿ ಅನ್ನ ಬಿಡುವಷ್ಟು ಹೊಟ್ಟೆಕಿಚ್ಚು ಪಡುವ ಒಂದು ಜೀವವಿದೆ, ಅದೂ ಇವಳೇ! ಅಷ್ಟು ವರ್ಷ ಕೇಳಿದ ಯಾವ ಬ್ಯೂಟಿಫುಲ್ಲೂ ನನಗೆ ಆ ಸುಖ ಕೊಟ್ಟಿರಲಿಲ್ಲ. ತೊಟ್ಟಿಯಿಂದ ಒಂದು ಮುರುಕನ್ನು ಕೈಗೆತ್ತಿಕೊಂಡು ನೋಡಿದೆ. "ತಳದಲ್ಲಿ ಮಣ್ಣು ಬಿಟ್ಟುಬಿಡ್ತಿದೀಯ. ಅದಕ್ಕೇ ಮೇಲೆ ಸಾಲಲ್ಲ," ಎಂದೆ.

"ತೋರಿಸಿ."

"ಅಂಚು ಹೇಗೆ ಒಳಕ್ಕೆ ತಿರುಗಿಸ್ತೀಯ, ಮೊದಲು ಅದನ್ನ ತೋರಿಸು."

ಸೋಮವಾರದ ಬ್ಯಾಚಿಗೆ ನಾನು ಹೋಗಲಿಲ್ಲ. ಪ್ರಭಾಕರ್ ಅಂಕಲ್ ಕೆಲವು ಕಾಲ ನನ್ನ ಮೇಲೆ ಮುನಿಸಿಕೊಂಡಿದ್ದರು. ಸ್ಮಿತಾ ಮಾತ್ರ "ಅಸಿಸ್ಟೆಂಟ್ ಆದ್ರೂ ಸರಿ, ಮಣ್ಣು ತಾನೇ" ಎಂದು ಸುಮ್ಮನಾದಳು. ಮನೆ ಕೊಳ್ಳುವುದು ಮುಂದಕ್ಕೆ ಹೋಯಿತು. ವರ್ಷಪೂರ್ತಿ ಆ ಕೋಣೆಯಲ್ಲಿ ಎರಡು ವೀಲ್ ಅಕ್ಕಪಕ್ಕ ತಿರುಗಿದವು. ನಾವು ಸ್ನೇಹಿತರಾದೆವು ಎಂದು ಹೇಳಲಾರೆ. ಅವಳ ಕೆಲಸ ಚೆನ್ನಾಗಿ ಬಂದ ದಿನ ನಾನು ಮಾತಾಡುತ್ತಿರಲಿಲ್ಲ. ನನ್ನದು ಚೆನ್ನಾಗಿ ಬಂದ ದಿನ ಅವಳು ಹಾಡಿನ ವಾಲ್ಯೂಮ್ ಹೆಚ್ಚಿಸುತ್ತಿದ್ದಳು. ನನ್ನ ಲೋಟಕ್ಕೆ ಹಿಡಿ ಬಂತು, ಅಂಚು ಒಳಕ್ಕೆ ಬಂತು. ಮೊದಮೊದಲು ಹಿಡಿಯನ್ನು ಎಂಥ ಕೆಟ್ಟದಾಗಿ ಅಂಟಿಸುತ್ತಿದ್ದೆನೆಂದರೆ ತನ್ವಿ ಅವುಗಳಿಗೆ ಆನೆಕಿವಿ ಎಂದು ಹೆಸರಿಟ್ಟಿದ್ದಳು. ಅವಳ ಗೋಡೆ ನಿಧಾನವಾಗಿ ಎತ್ತರವಾಯಿತು. ಅಂಕಲ್ ಎನ್ನುವುದನ್ನು ಬಿಡಿಸಲು ಕೊನೆಯವರೆಗೂ ಆಗಲಿಲ್ಲ.

ಈಗ ನಾನು ಅದೇ ಸ್ಟುಡಿಯೋದಲ್ಲಿ ಕಿಲ್ನ್ ನೋಡಿಕೊಳ್ಳುತ್ತೇನೆ, ಹೊಸಬರಿಗೆ ಕಲಿಸುತ್ತೇನೆ. ಮೊದಲ ಲೋಟ ಮಾಡಿದವರಿಗೆ ನಾನು ಹಾಕುವ ಷರತ್ತು ಒಂದೇ: ಇದರಲ್ಲಿ ನಿಮ್ಮ ಹಾಗೆ ಕುಡಿಯದ ಒಬ್ಬರಿಗೆ ಕುಡಿಯಲು ಕೊಟ್ಟು, ಅವರ ಬಾಯಿ ನೋಡುತ್ತ ಕೂರಿ. ಕಲೆಯಲ್ಲಿ ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂದು ದೊಡ್ಡವರು ಹೇಳುತ್ತಾರೆ. ನನ್ನ ವೃತ್ತಿ ನನಗೆ ಕಲಿಸಿದ್ದು ಬೇರೆ. ಯಾರ ಕೆಲಸ ಕಂಡರೆ ಹೊಟ್ಟೆ ಉರಿಯುತ್ತದೋ ನಮ್ಮ ಮುಂದಿನ ಪಾಠ ಅವರ ಹತ್ತಿರವೇ ಇರುತ್ತದೆ. ಅವರಿಂದ ದೂರ ಓಡಬಾರದು, ಪಕ್ಕದ ವೀಲ್ ಹಿಡಿಯಬೇಕು.

ತನ್ವಿ ಈಗ ಬ್ರೂಕ್ಲಿನ್‌ನಲ್ಲಿ ಸ್ವಂತ ಸ್ಟುಡಿಯೋ ನಡೆಸುತ್ತಾಳೆ. ಹೋದ ತಿಂಗಳು ಅವಳ ಪ್ರದರ್ಶನಕ್ಕೆ ಹೋಗಿದ್ದೆ. ನಡುವೆ ಒಂದು ಹೂಜಿ ಇಟ್ಟಿದ್ದಳು, ಮೊಳದಷ್ಟು ಎತ್ತರ, ಎಲೆಯಷ್ಟು ತೆಳು, ಕುತ್ತಿಗೆ ಒಂದೇ ಎಳೆತದಲ್ಲಿ ಬಂದದ್ದು. ಅಂಥದ್ದನ್ನು ನಾನು ಇವತ್ತಿಗೂ ಮಾಡಲಾರೆ. ಸ್ಮಿತಾ ಅದರ ಬೆಲೆ ಕೇಳುತ್ತಿದ್ದಳು. ಚೆನ್ನಾಗಿದೆ ಎಂದು ತನ್ವಿಗೆ ಹೇಳಲು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನೋಡಿ, ತುಂಬ ಹೊತ್ತಿನಿಂದ ಇದನ್ನೇ ಕಾಯುತ್ತಿದ್ದವಳ ಹಾಗೆ ಹಲ್ಲುಬಿಟ್ಟು ನಕ್ಕಳು.

"ಥ್ಯಾಂಕ್ಯೂ, ಅಂಕಲ್," ಎಂದಳು.